ಕುಳಿತ ಕಾಯ, ನಿಂತುಹೋದ ಕಾಯಕ



ಆಯ್ದಕ್ಕಿ ಮಾರಯ್ಯನವರು ಮತ್ತು ಶರಣೆ ಲಕ್ಕಮ್ಮನವರು ನಮ್ಮ ಜಿಲ್ಲೆಯವರೆಂಬುದು ರಾಯಚೂರು ಸೀಮೆಯ ಸದ್ಭಕ್ತರಿಗೆಲ್ಲ ಹೆಮ್ಮೆಯ ಸಂಗತಿ. ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರ ಅವರ ಊರು. ಅಲ್ಲಿಂದ ಕಲ್ಯಾಣಕ್ಕೆ ತೆರಳಿದ ಈ ದಂಪತಿಗಳು ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಅದರಿಂದಲೇ ದಾಸೋಹ ನಡೆಸಿದವರು. ಒಂದು ದಿನ ಪತಿಯು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಿನದನ್ನು ಮರಳಿ ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮನವರು ತಿಳಿಹೇಳಿದ ಕಥೆಯನ್ನು ನಾವು ಬಾಲ್ಯದಿಂದಲೂ ಕೇಳುತ್ತ ಬಂದಿದ್ದೇವೆ.

ಅವರ ಬದುಕಿನ ಇನ್ನೊಂದು ಪ್ರಸಂಗವು ಶೂನ್ಯಸಂಪಾದನೆಯಲ್ಲಿ ಬರುತ್ತದೆ. ಮಾರಯ್ಯನವರು ಅಲ್ಲಮಪ್ರಭುಗಳ ಸನ್ನಿಧಿಯಲ್ಲಿ ಅನುಭಾವದ ಮಾತುಕತೆಯಲ್ಲಿ ಮೈಮರೆತಿದ್ದರು. ಹೊತ್ತು ಸರಿದದ್ದು ಅವರ ಅರಿವಿಗೆ ಬರಲಿಲ್ಲ. ಆಗ ಲಕ್ಕಮ್ಮನವರು ಪತಿಗೆ ನಿಂತುಹೋದ ಕಾಯಕವನ್ನು ನೆನಪಿಸಿ, ಅವರನ್ನು ಎಬ್ಬಿಸಿ ಕಳುಹಿಸಿದರು. ಈ ಪ್ರಸಂಗವನ್ನು ವ್ಯಾಖ್ಯಾನಿಸುವವರು ಕಾಯಕದ ಹಿರಿಮೆಯನ್ನೂ ಲಕ್ಕಮ್ಮನವರ ನಿಷ್ಠೆಯನ್ನೂ ವಿವರಿಸುತ್ತಾರೆ. ಅದು ಯೋಗ್ಯವೇ ಆಗಿದೆ. ಆದರೆ ಈ ಪ್ರಸಂಗದಲ್ಲಿರುವ ಒಂದು ಸರಳ ಸಂಗತಿಯು ನಮ್ಮ ಗಮನಕ್ಕೆ ಬಾರದೆ ಉಳಿದಿದೆ. ಪ್ರಭುದೇವರ ಮಾತನ್ನು ಆಲಿಸುತ್ತ ಕುಳಿತಿದ್ದವರನ್ನೂ ಏಳಿಸುವ ಧೈರ್ಯ ಆ ತಾಯಿಗಿತ್ತು. ಕುಳಿತದ್ದು ಸತ್ಕಾರ್ಯಕ್ಕಾಗಿಯೇ ಆದರೂ, ಕುಳಿತೇ ಇರಲು ಅದು ನೆಪವಾಗಬಾರದೆಂಬುದು ಅವರ ನಿಲುವು. ಇಂದು ಲಕ್ಕಮ್ಮನವರು ನಮ್ಮ ಮನೆಗಳಿಗೆ ಬಂದರೆ ಯಾರಾರನ್ನು ಎಬ್ಬಿಸಬೇಕಾದೀತು ಎಂದು ಯೋಚಿಸಿದಾಗ ಈ ಲೇಖನ ಬರೆಯಬೇಕೆನಿಸಿತು.

ಮೊದಲು ನನ್ನ ವಿಷಯವನ್ನೇ ಹೇಳಿಬಿಡುತ್ತೇನೆ. ನಾನು ಹುಟ್ಟಿದ್ದು ದೇವದುರ್ಗ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಉದ್ಯೋಗದ ನಿಮಿತ್ತ ರಾಯಚೂರಿಗೆ ಬಂದು, ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಕಚೇರಿಯ ಮೇಜಿನ ಮುಂದೆ ಕುಳಿತು, ನಿವೃತ್ತನಾದೆ. ರಕ್ತದಲ್ಲಿ ಸಕ್ಕರೆಯ ಅಂಶ ಏರಿದೆಯೆಂದು ತಿಳಿದ ಮೇಲೆ ನಸುಕಿನಲ್ಲಿ ಎದ್ದು ಒಂದು ಗಂಟೆ ನಡೆಯುವ ರೂಢಿ ಮಾಡಿಕೊಂಡೆ. ಆದರೂ ಮುಂದಿನ ತಪಾಸಣೆಯಲ್ಲಿ ನಾನು ನಿರೀಕ್ಷಿಸಿದಷ್ಟು ಇಳಿಕೆ ಕಾಣಲಿಲ್ಲ. "ನಾನು ದಿನಾಲೂ ಒಂದು ತಾಸು ನಡೆಯುತ್ತೇನಲ್ಲ" ಎಂದು ವೈದ್ಯರ ಮುಂದೆ ತುಸು ಅಭಿಮಾನದಿಂದಲೇ ಹೇಳಿದೆ. ಅವರು ನಗುತ್ತ, "ಬಹಳ ಒಳ್ಳೇದು. ಉಳಿದ ಹದಿನೈದು ತಾಸು ಏನು ಮಾಡ್ತೀರಿ?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಮನೆಗೆ ಬಂದು ಲೆಕ್ಕ ಹಾಕಿದೆ. ನಡಿಗೆ ಮುಗಿಸಿ ಬಂದು ಪತ್ರಿಕೆ ಹಿಡಿದು ಕುಳಿತರೆ ಒಂದೂವರೆ ತಾಸು. ಉಪಾಹಾರದ ನಂತರ ಕುರ್ಚಿ, ಗೆಳೆಯರೊಡನೆ ಕಟ್ಟೆಯ ಮೇಲಿನ ಮಾತು, ಊಟದ ನಂತರ ಮಲಗುವುದು, ಸಂಜೆ ಮೊಬೈಲು, ರಾತ್ರಿ ದೂರದರ್ಶನ. ಒಟ್ಟು ಕೂಡಿಸಿದರೆ ಹತ್ತು ತಾಸಿಗೂ ಮಿಕ್ಕಿತು. ಅದೇ ದಿನ ನನ್ನ ಮನೆಯವರು ನನಗಾಗಿ ಎಷ್ಟು ಸಲ ಎದ್ದರೆಂಬುದನ್ನೂ ಎಣಿಸಿದೆ. ನೀರು ತರಲು, ಚಹಾ ತರಲು, ಕನ್ನಡಕ ಹುಡುಕಿಕೊಡಲು, ಫ್ಯಾನಿನ ಗುಂಡಿ ಒತ್ತಲು, ಬಾಗಿಲು ತೆರೆಯಲು, ಲೋಟ ಒಳಗಿಡಲು. ಇಪ್ಪತ್ತೆರಡು ಸಲವಾಯಿತು. ಇದನ್ನು ಅವರಿಗೆ ತಿಳಿಸಿದಾಗ, "ನಿಮ್ಮ ನೀರು ನೀವ ತಗೊಂಡ್ರ ಅರ್ಧ ಔಷಧ ಆಗ್ತದ" ಎಂದರು. ವೈದ್ಯರ ಪ್ರಶ್ನೆಗೆ ಉತ್ತರವು ಅಡುಗೆಮನೆಯಿಂದ ಬಂದಿತು.

ಶರಣ ಬಂಧುಗಳೇ, ಇದು ನನ್ನೊಬ್ಬನ ಕಥೆಯೆಂದು ನಾನು ನಂಬುವುದಿಲ್ಲ. ಕೃಷ್ಣೆ ಮತ್ತು ತುಂಗಭದ್ರೆಯರ ನಡುವಿನ ಈ ನಾಡು ದುಡಿಮೆಗೆ ಹೆಸರಾದುದು. ರಾಯಚೂರು ಕೋಟೆಯ ಗೋಡೆಯ ಮೇಲೆ 1294ರ ಶಾಸನವಿರುವ ಆ ಮಹಾಶಿಲೆಯನ್ನು ನೋಡದವರು ನಮ್ಮಲ್ಲಿ ವಿರಳ. ಅದನ್ನು ಬಂಡಿಯ ಮೇಲೆ ಹೇರಿ, ದನಗಳ ಉದ್ದನೆಯ ಸಾಲು ಕಟ್ಟಿ ಎಳೆದು ತಂದ ದೃಶ್ಯವನ್ನೂ ಅಲ್ಲಿಯೇ ಗೀರಿ ತೋರಿಸಿದ್ದಾರೆ. ಇಂದಿಗೂ ಕಾರಹುಣ್ಣಿಮೆಯ ಹೊತ್ತಿಗೆ ನಗರದಲ್ಲಿ ನಡೆಯುವ ಮುಂಗಾರು ಹಬ್ಬದಲ್ಲಿ ಎತ್ತುಗಳು ಭಾರದ ಕಲ್ಲು ಎಳೆಯುತ್ತವೆ. ನಾವು ಗ್ಯಾಲರಿಯಲ್ಲಿ ಕುಳಿತು ಚಪ್ಪಾಳೆ ತಟ್ಟುತ್ತೇವೆ. ಎತ್ತಿಗೆ ವರ್ಷಕ್ಕೊಮ್ಮೆಯಾದರೂ ಕಲ್ಲು ಎಳೆಯುವ ಅಭ್ಯಾಸ ಉಳಿದಿದೆ. ಎತ್ತಿನ ಒಡೆಯನಾದ ನಮಗೆ ಏನು ಉಳಿದಿದೆ?

ದೇವದುರ್ಗದ ನನ್ನ ಹಳ್ಳಿಯಲ್ಲಿ ತಂದೆಯವರು ಹೊಲಕ್ಕೆ, ಸಂತೆಗೆ, ಬೀಗರ ಊರಿಗೆ ನಡೆದೇ ಹೋಗುತ್ತಿದ್ದರು. ಅವರು ವ್ಯಾಯಾಮವೆಂಬ ಶಬ್ದವನ್ನು ಬಳಸಿದ್ದನ್ನು ನಾನು ಕೇಳಲಿಲ್ಲ. ನಾರಾಯಣಪುರ ಬಲದಂಡೆ ಕಾಲುವೆಯ ನೀರು ತಾಲ್ಲೂಕಿಗೆ ಬಂದಿತು, ಬೆಳೆ ಬದಲಾಯಿತು, ಟ್ರ್ಯಾಕ್ಟರು ಬಂದಿತು. ಈಗ ಅದೇ ಹೊಲಕ್ಕೆ ನನ್ನ ತಮ್ಮನ ಮಕ್ಕಳು ಮೋಟಾರು ಸೈಕಲ್ಲಿನಲ್ಲಿ ಹೋಗಿ, ಬದುವಿನ ಮೇಲೆ ಗಾಡಿ ನಿಲ್ಲಿಸಿ, ಗಾಡಿಯ ಮೇಲೆಯೇ ಕುಳಿತು ಆಳುಗಳಿಗೆ ಕೆಲಸ ಹೇಳಿ ಬರುತ್ತಾರೆ. ಮಾನ್ವಿಯಲ್ಲಿ ನನ್ನ ಅಕ್ಕನ ಮನೆಯಿದೆ. ತುಂಗಭದ್ರಾ ಎಡದಂಡೆ ಕಾಲುವೆಯಿಂದ ಆ ಭಾಗ ಭತ್ತದ ಸೀಮೆಯಾಗಿದೆ. ಭಾವನವರು ಬೀಜ ಗೊಬ್ಬರದ ಅಂಗಡಿಯಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಗಾದಿಯ ಮೇಲೆ ಕುಳಿತರೆ ರಾತ್ರಿ ಒಂಬತ್ತಕ್ಕೆ ಏಳುತ್ತಾರೆ. ಚೀಲ ಇಳಿಸುವವನು ಬೇರೆ, ಚೀಲ ಎತ್ತಿಕೊಡುವವನು ಬೇರೆ, ಚಹಾ ತರುವ ಹುಡುಗ ಬೇರೆ. ಊಟವೂ ಅಂಗಡಿಗೇ ಬರುತ್ತದೆ. ರಾಯಚೂರಿನ ಅಡತಿ ಅಂಗಡಿಗಳಲ್ಲಿ, ಕಚೇರಿಗಳಲ್ಲಿ, ಮನೆಪಾಠದ ಕೋಣೆಗಳಲ್ಲಿ ಇದೇ ಚಿತ್ರ. ಇದರಲ್ಲಿ ಯಾರೂ ಸೋಮಾರಿಗಳಲ್ಲ. ಎಲ್ಲರೂ ದುಡಿಯುತ್ತಿದ್ದಾರೆ, ಆದರೆ ಕುಳಿತು ದುಡಿಯುತ್ತಿದ್ದಾರೆ.

ಕುಳಿತಿರುವುದರಿಂದ ದೇಹಕ್ಕೆ ಆಗುವುದೇನು ಎಂಬುದನ್ನು ವಿಜ್ಞಾನವು ಗಂಭೀರವಾಗಿ ವಿಚಾರಿಸಲು ತೊಡಗಿ ಎಪ್ಪತ್ತು ವರ್ಷಗಳು ಕಳೆದಿವೆ. 1953ರಲ್ಲಿ ಜೆರ್ರಿ ಮಾರಿಸ್ ಎಂಬ ವೈದ್ಯವಿಜ್ಞಾನಿ ಲಂಡನ್ ನಗರದ ಬಸ್ಸುಗಳ ಸಿಬ್ಬಂದಿಯ ಕುರಿತ ಅಧ್ಯಯನವನ್ನು ಪ್ರಕಟಿಸಿದರು. ಚಾಲಕನು ದಿನವಿಡೀ ಕುಳಿತಿರುತ್ತಿದ್ದ. ನಿರ್ವಾಹಕನು ಎರಡಂತಸ್ತಿನ ಬಸ್ಸಿನಲ್ಲಿ ಮೆಟ್ಟಿಲು ಹತ್ತಿ ಇಳಿದು ಚೀಟಿ ಕೊಡುತ್ತಿದ್ದ. ಒಂದೇ ಬಸ್ಸು, ಒಂದೇ ದಾರಿ. ಆದರೆ ಹೃದಯದ ಕಾಯಿಲೆಯು ಚಾಲಕರಿಗಿಂತ ನಿರ್ವಾಹಕರಲ್ಲಿ ಕಡಿಮೆ ಇತ್ತು. ಚಾಲಕರಾಗಿ ಸೇರಿದವರು ಆರಂಭದಿಂದಲೇ ತುಸು ದಪ್ಪಗಿದ್ದರೆಂಬುದನ್ನು ಮುಂದೆ ಮಾರಿಸ್ ಅವರೇ ಸಮವಸ್ತ್ರಗಳ ಅಳತೆಯಿಂದ ಕಂಡುಕೊಂಡರು. ಆದ್ದರಿಂದ ಎಲ್ಲ ವ್ಯತ್ಯಾಸವೂ ಕುಳಿತದ್ದರಿಂದಲೇ ಎನ್ನಲಾಗದು. ಆದರೂ ಅವರು ತೆರೆದ ದಾರಿಯಲ್ಲಿ ನಡೆದ ಅನೇಕ ಅಧ್ಯಯನಗಳು ಅದೇ ದಿಕ್ಕನ್ನು ತೋರಿಸಿವೆ. ರಾಯಚೂರಿನಿಂದ ಮಾನ್ವಿಗೋ ದೇವದುರ್ಗಕ್ಕೋ ಬಸ್ಸಿನಲ್ಲಿ ಹೋಗುವಾಗ, ಜನರ ನಡುವೆ ನುಸುಳುತ್ತ ಚೀಟಿ ಕೊಡುವ ನಿರ್ವಾಹಕರನ್ನು ಕಂಡಾಗಲೆಲ್ಲ ನನಗೆ ಈ ಸಂಗತಿ ನೆನಪಾಗುತ್ತದೆ.

ಇದರ ಹಿಂದಿನ ಕಾರಣ ಸುಲಭವಾಗಿ ಅರ್ಥವಾಗುವಂಥದು. ನಮ್ಮ ದೇಹದ ದೊಡ್ಡ ಸ್ನಾಯುಗಳಿರುವುದು ತೊಡೆ ಮತ್ತು ಕಾಲುಗಳಲ್ಲಿ. ಅವು ದುಡಿಯುವಾಗ ರಕ್ತದಲ್ಲಿರುವ ಸಕ್ಕರೆಯನ್ನು ಎಳೆದುಕೊಂಡು ಉರಿಸುತ್ತವೆ. ನಾವು ಕುಳಿತೊಡನೆ ಆ ಒಲೆಗಳು ಹೆಚ್ಚುಕಡಿಮೆ ಆರಿಹೋಗುತ್ತವೆ. ಉಂಡ ಅನ್ನದ ಸಕ್ಕರೆಯು ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ರಕ್ತದ ಕೊಬ್ಬನ್ನು ಕರಗಿಸುವ ಕ್ರಿಯೆಯೂ ಮಂದವಾಗುತ್ತದೆ. ಮೀನಖಂಡದ ಸ್ನಾಯುಗಳು ಕುಗ್ಗಿ ಹಿಗ್ಗಿ ಕೆಳಗಿನ ರಕ್ತವನ್ನು ಹೃದಯದ ಕಡೆಗೆ ದೂಡುತ್ತವೆ. ನಾವು ಅಲುಗಾಡದಿದ್ದರೆ ಆ ಕೆಲಸ ತಗ್ಗಿ, ಸಂಜೆಗೆ ಕಾಲು ಬಾತುಕೊಳ್ಳುತ್ತದೆ. ಬೆನ್ನು ಮತ್ತು ಸೊಂಟ ದುರ್ಬಲವಾಗುತ್ತವೆ. ಮುಂಜಾನೆಯ ಒಂದು ತಾಸಿನ ನಡಿಗೆಯು ಆ ಒಲೆಯನ್ನು ಒಮ್ಮೆ ಹೊತ್ತಿಸುತ್ತದೆ, ನಿಜ. ಆದರೆ ಹೊತ್ತಿಸಿದ ಒಲೆಯನ್ನು ದಿನವಿಡೀ ಆರಿಸಿಟ್ಟರೆ ಮೂರು ಹೊತ್ತಿನ ಅಡುಗೆ ಆಗುವುದೆಂತು?

2012ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ತೂಕ ಹೆಚ್ಚಿರುವ 19 ಮಂದಿಯನ್ನು ಪರೀಕ್ಷಿಸಿ ಒಂದು ಫಲಿತಾಂಶವನ್ನು ಪ್ರಕಟಿಸಿದರು. ಸತತವಾಗಿ ಕುಳಿತ ದಿನಕ್ಕಿಂತ, 20 ನಿಮಿಷಕ್ಕೊಮ್ಮೆ ಎದ್ದು 2 ನಿಮಿಷ ನಡೆದ ದಿನ, ಆಹಾರದ ನಂತರ ಏರುವ ಸಕ್ಕರೆಯ ಪ್ರಮಾಣ ಗಣನೀಯವಾಗಿ ಕಡಿಮೆಯಿತ್ತು. ಅವರು ಓಡಲಿಲ್ಲ, ಭಾರ ಎತ್ತಲಿಲ್ಲ. ಎದ್ದು ನಡೆದರು, ಅಷ್ಟೇ. 2016ರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿದ ಇನ್ನೊಂದು ಅಧ್ಯಯನವು ದಿನಕ್ಕೆ 8 ತಾಸಿಗಿಂತ ಹೆಚ್ಚು ಕುಳಿತಿರುವವರಲ್ಲಿ, ಅದರಲ್ಲೂ ವ್ಯಾಯಾಮವಿಲ್ಲದವರಲ್ಲಿ, ಅಕಾಲ ಮರಣದ ಸಂಭವ ಹೆಚ್ಚೆಂದು ಕಂಡಿತು. ಆ ಅಪಾಯವನ್ನು ನೀಗಲು ದಿನಕ್ಕೆ 60ರಿಂದ 75 ನಿಮಿಷಗಳ ಬಿರುಸಾದ ನಡಿಗೆಯಂಥ ಚಟುವಟಿಕೆ ಬೇಕೆಂಬುದು ಅದರ ಸಾರ. ನಮ್ಮಲ್ಲಿ ಎಷ್ಟು ಮಂದಿಗೆ ದಿನಾಲೂ ಅಷ್ಟು ಸಾಧ್ಯ? ಆದ್ದರಿಂದ ನಡಿಗೆಯನ್ನು ಹೆಚ್ಚಿಸುವುದರ ಜೊತೆಗೆ ಕೂಡುವುದನ್ನು ತಗ್ಗಿಸುವುದೇ ವಿವೇಕದ ಮಾರ್ಗ. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಪ್ರಕಟಿಸಿದ ಮಾರ್ಗದರ್ಶಿಯಲ್ಲಿ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಪ್ರಮಾಣದ ಚಟುವಟಿಕೆಯನ್ನು ಹೇಳಿರುವುದರ ಜೊತೆಗೆ, ಕುಳಿತಿರುವ ಅವಧಿಯನ್ನು ಮಿತಗೊಳಿಸಿರೆಂದೂ ಹೇಳಿದೆ. ಎಷ್ಟೇ ಅಲ್ಪವಾದರೂ ಚಲನೆಯು ಕುಳಿತಿರುವುದಕ್ಕಿಂತ ಮೇಲು ಎಂಬುದು ಅದರ ತಿರುಳು.

ನಮ್ಮ ದೇಶದ ಸ್ಥಿತಿಯನ್ನೂ ನೋಡೋಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯ ಆಧಾರದಲ್ಲಿ 2023ರಲ್ಲಿ ಪ್ರಕಟವಾದ ಅಂದಾಜಿನಂತೆ ಭಾರತದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿದ್ದಾರೆ. ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. 2022ರ ಲೆಕ್ಕದಲ್ಲಿ ನಮ್ಮ ವಯಸ್ಕರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಸಾಕಷ್ಟು ದೈಹಿಕ ಚಟುವಟಿಕೆಯಿಲ್ಲವೆಂದು 2024ರಲ್ಲಿ ವರದಿಯಾಯಿತು. ಪುರುಷರಲ್ಲಿ ಶೇಕಡಾ 42, ಮಹಿಳೆಯರಲ್ಲಿ ಶೇಕಡಾ 57. ಈ ಕೊನೆಯ ಸಂಖ್ಯೆಯನ್ನು ಓದಿ ಮೊದಲು ನನಗೆ ಅಚ್ಚರಿಯಾಯಿತು. ನನ್ನ ಮನೆಯವರು ದಿನಕ್ಕೆ ಅಷ್ಟು ಸಲ ಏಳುತ್ತಾರಲ್ಲ! ಯೋಚಿಸಿದಾಗ ಅರ್ಥವಾಯಿತು. ಅಡುಗೆಮನೆಗೂ ಪಡಸಾಲೆಗೂ ನಡುವಿನ ಓಡಾಟವು ದಣಿವು ತರುತ್ತದೆಯೇ ಹೊರತು ಎದೆಗೂಡಿಗೆ ಉಸಿರು ತುಂಬುವ ನಡಿಗೆಯಾಗುವುದಿಲ್ಲ. ನನಗೆ ಬೆಳಗಿನ ಒಂದು ತಾಸು ಸಿಕ್ಕಿದ್ದು ಆ ಹೊತ್ತಿನಲ್ಲಿ ಅವರು ಒಲೆಯ ಮುಂದೆ ಇದ್ದುದರಿಂದ. ಅವರಿಗೆ ಅಂಥ ಒಂದು ತಾಸನ್ನು ಯಾರೂ ಕೊಟ್ಟಿರಲಿಲ್ಲ.

ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇಲ್ಲಿದೆ. ನಮ್ಮ ಕೂಡುವಿಕೆಯು ನಮ್ಮ ಆರೋಗ್ಯದ ಪ್ರಶ್ನೆ ಮಾತ್ರವಲ್ಲ. ಒಬ್ಬರು ಕುಳಿತೇ ಇರಬೇಕಾದರೆ ಮತ್ತೊಬ್ಬರು ಅವರಿಗಾಗಿ ಓಡಾಡುತ್ತಲೇ ಇರಬೇಕು. ಪಡಸಾಲೆಯಲ್ಲಿ ಯಜಮಾನ ಕುಳಿತರೆ ಸೊಸೆ ಏಳುತ್ತಾಳೆ. ಗಾದಿಯ ಮೇಲೆ ಸಾಹುಕಾರ ಕುಳಿತರೆ ಹುಡುಗ ಓಡುತ್ತಾನೆ. ಬದುವಿನ ಮೇಲೆ ಒಡೆಯ ಕುಳಿತರೆ ಕೆಸರಿನಲ್ಲಿ ಆಳು ಬಾಗುತ್ತಾಳೆ. ಮಾನ್ವಿಯ ಗದ್ದೆಗಳಲ್ಲಿ ದಿನವಿಡೀ ಸೊಂಟ ಬಗ್ಗಿಸಿ ಭತ್ತದ ಸಸಿ ನಾಟಿ ಮಾಡುವ ತಾಯಂದಿರಿಗೆ "ಹೆಚ್ಚು ನಡೆಯಿರಿ" ಎಂದು ಉಪದೇಶಿಸುವುದು ಕ್ರೌರ್ಯವಾದೀತು. ದೇವದುರ್ಗದಿಂದ ಗುಳೆ ಹೋಗಿ ದೊಡ್ಡ ನಗರಗಳಲ್ಲಿ ಇಟ್ಟಿಗೆ ಹೊರುವವರಿಗೆ ಬೇಕಾದದ್ದು ನಡಿಗೆಯಲ್ಲ, ನೆರಳು ಮತ್ತು ವಿಶ್ರಾಂತಿ. ಕೆಲವರು ಏಳಲಾರದೆ ರೋಗಿಗಳಾದರೆ, ಕೆಲವರು ಕೂಡಲಾರದೆ ಸವೆದುಹೋಗುತ್ತಾರೆ. ಇವೆರಡೂ ಬೇರೆ ಬೇರೆ ಕಾಯಿಲೆಗಳಲ್ಲ. ಒಂದೇ ತಕ್ಕಡಿಯ ಎರಡು ತಟ್ಟೆಗಳು. ಕುಳಿತವನು ಎದ್ದರೆ ಎರಡೂ ತಟ್ಟೆಗಳು ಸಮನಾಗುತ್ತವೆ. ಬಸವಾದಿ ಶರಣರು ಕಾಯಕವನ್ನು ಪ್ರತಿಯೊಬ್ಬರಿಗೂ ವಿಧಿಸಿದ್ದರ ಅರ್ಥ ಇದೇ ಅಲ್ಲವೇ? ಕಾಯಕವು ಕಾಯದಿಂದ ಆಗಬೇಕಾದುದು. ಅದನ್ನು ಇನ್ನೊಬ್ಬರ ಕಾಯಕ್ಕೆ ವರ್ಗಾಯಿಸಿ, ಪುಣ್ಯವನ್ನು ಮಾತ್ರ ನಮ್ಮ ಹೆಸರಿಗೆ ಬರೆದುಕೊಳ್ಳಲಾಗದು.

ಇದಕ್ಕೆ ಕೆಲವು ಭಕ್ತರು ಹೇಳುವ ಸಮಾಧಾನಗಳುಂಟು. "ನಾವು ಪ್ರತಿ ವರ್ಷ ಯುಗಾದಿಗೆ ಶ್ರೀಶೈಲಕ್ಕೆ ಪಾದಯಾತ್ರೆ ಮಾಡುತ್ತೇವೆ" ಎನ್ನುತ್ತಾರೆ ಕೆಲವರು. ಉತ್ತರ ಕರ್ನಾಟಕದ ಜಿಲ್ಲೆಗಳಿಂದ ಕಂಬಿ ಹೊತ್ತು, ಬಿಸಿಲಿನಲ್ಲಿ ನೂರಾರು ಕಿಲೋಮೀಟರು ನಡೆದುಹೋಗುವ ಯಾತ್ರಿಕರು ನಮ್ಮ ಜಿಲ್ಲೆಯ ದಾರಿಗಳಲ್ಲಿ ಸಾಗುವಾಗ ಊರೂರಲ್ಲಿ ಅವರಿಗೆ ದಾಸೋಹ ನಡೆಯುತ್ತದೆ. ಆ ಭಕ್ತಿಗೆ ನಾನು ತಲೆಬಾಗುತ್ತೇನೆ. ಆದರೆ ವರ್ಷಕ್ಕೊಮ್ಮೆ ಉಂಡು ವರ್ಷವಿಡೀ ಉಪವಾಸ ಇರಲಾಗದಂತೆ, ವರ್ಷಕ್ಕೊಮ್ಮೆ ನಡೆದು ವರ್ಷವಿಡೀ ಕೂಡಲಾಗದು. ಸ್ನಾಯುಗಳು ನಡಿಗೆಯನ್ನು ಕೂಡಿಟ್ಟುಕೊಳ್ಳುವುದಿಲ್ಲ. ಮೇಲಾಗಿ, ಹನ್ನೊಂದು ತಿಂಗಳು ಕುಳಿತಿದ್ದ ದೇಹವನ್ನು ಒಮ್ಮೆಲೇ ಸುಡುವ ರಸ್ತೆಗೆ ಇಳಿಸುವುದು ಅಪಾಯಕರ. ಮಧುಮೇಹವಿರುವವರಲ್ಲಿ ಪಾದದ ಸ್ಪರ್ಶಜ್ಞಾನ ಕುಂದಿರಬಹುದು. ಬೊಬ್ಬೆ ಎದ್ದರೂ, ಮುಳ್ಳು ಚುಚ್ಚಿದರೂ ಅವರಿಗೆ ತಿಳಿಯದು. ಆ ಗಾಯವು ಬಲಿತರೆ ಬೆರಳನ್ನೋ ಪಾದವನ್ನೋ ಕಳೆದುಕೊಳ್ಳಬೇಕಾಗುತ್ತದೆ. ಅಂಥವರು ಬರಿಗಾಲಿನಲ್ಲಿ ನಡೆಯಬಾರದು. ಯಾತ್ರೆಗೆ ಹೊರಡುವ ಮುನ್ನ ವೈದ್ಯರನ್ನು ಕಂಡು, ಎರಡು ಮೂರು ತಿಂಗಳು ಮೊದಲೇ ದಿನಾಲೂ ನಡೆದು ಅಭ್ಯಾಸ ಮಾಡಿಕೊಂಡು, ತಕ್ಕ ಪಾದರಕ್ಷೆ ತೊಟ್ಟು ಹೋಗಲಿ. ಮಲ್ಲಯ್ಯನು ಚಪ್ಪಲಿಯನ್ನು ನೋಡಿ ಭಕ್ತಿಯನ್ನು ಅಳೆಯುವ ದೇವನಲ್ಲ.

"ಲಿಂಗಪೂಜೆಗೆ, ಧ್ಯಾನಕ್ಕೆ ಕೂಡಲೇಬೇಕಲ್ಲ" ಎಂಬುದು ಇನ್ನೊಂದು ಮಾತು. ಖಂಡಿತ ಕೂಡಬೇಕು. ಬೆನ್ನು ನೇರವಾಗಿಟ್ಟು, ಅಂಗೈಯಲ್ಲಿ ಇಷ್ಟಲಿಂಗವನ್ನು ಹಿಡಿದು, ದೃಷ್ಟಿಯನ್ನು ನಿಲ್ಲಿಸಿ ಕೂಡುವ ಅರ್ಧ ತಾಸು ದೇಹಕ್ಕೂ ಮನಸ್ಸಿಗೂ ಹಿತ. ನಮ್ಮನ್ನು ಕೆಡಿಸಿದ್ದು ಆ ಅರ್ಧ ತಾಸಲ್ಲ. ಸೋಫಾದಲ್ಲಿ ಒರಗಿ ಮೊಬೈಲಿನ ಮುಂದೆ ಕರಗಿಹೋಗುವ ನಾಲ್ಕು ತಾಸುಗಳಿಗೆ ಧ್ಯಾನದ ಹೆಸರಿಟ್ಟು ರಕ್ಷಣೆ ಪಡೆಯುವುದು ಬೇಡ.

"ರಾಯಚೂರಿನ ಬಿಸಿಲಿನಲ್ಲಿ ನಡೆಯುವುದೆಲ್ಲಿ ಬಂತು?" ಎಂಬ ಮೂರನೆಯ ಮಾತಿನಲ್ಲಿ ಸತ್ಯವಿದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವ ಊರು ನಮ್ಮದು. ಆ ಬಿಸಿಲಿನಲ್ಲಿ ನಡೆಯಿರೆಂದು ಯಾರಿಗೂ ಹೇಳಲಾಗದು. ಹೊರಗಿನ ನಡಿಗೆ ಸೂರ್ಯೋದಯದ ಹೊತ್ತಿಗೇ ಮುಗಿಯಲಿ. ಆದರೆ ಎದ್ದು ನಿಲ್ಲಲು, ಪಡಸಾಲೆಯಲ್ಲಿ ಹತ್ತು ಸುತ್ತು ಹಾಕಲು, ಊಟದ ನಂತರ ಹತ್ತು ನಿಮಿಷ ಮನೆಯೊಳಗೇ ಅಡ್ಡಾಡಲು ಬಿಸಿಲಿನ ಅಡ್ಡಿಯಿಲ್ಲ. ಸಕ್ಕರೆ ಏರುವುದು ಊಟದ ನಂತರವೇ ಆದ್ದರಿಂದ ಆ ಹತ್ತು ನಿಮಿಷಕ್ಕೆ ಬೆಲೆ ಹೆಚ್ಚು.

ಹಾಗಾದರೆ ಮಾಡಬೇಕಾದುದೇನು? ದೊಡ್ಡ ಸಂಕಲ್ಪಗಳು ಬೇಡ. ಅರ್ಧ ತಾಸಿಗೊಮ್ಮೆ ಏಳುವುದೆಂಬ ಒಂದೇ ನಿಯಮ ಸಾಕು. ಅಂಗಡಿಯವರು ಗಿರಾಕಿ ಬಂದಾಗ ಎದ್ದು ನಿಂತು ಮಾತಾಡಲಿ. ಅದು ಗೌರವವೂ ಹೌದು, ಔಷಧವೂ ಹೌದು. ಹಗುರವಾದ ಸಾಮಾನನ್ನು ತಾವೇ ತೆಗೆದುಕೊಡಲಿ. ಕಚೇರಿಯಲ್ಲಿರುವವರು ಕಡತವನ್ನು ಜವಾನನ ಕೈಯಲ್ಲಿ ಕಳುಹಿಸದೆ ತಾವೇ ಒಯ್ಯಲಿ, ಫೋನಿನಲ್ಲಿ ಮಾತಾಡುವಾಗ ನಿಂತಿರಲಿ. ಒಂದು ಕಿಲೋಮೀಟರಿನೊಳಗಿನ ಕೆಲಸಕ್ಕೆ ಗಾಡಿ ತೆಗೆಯದಿರಲಿ. ಹೊಲವಿರುವವರು ಬದುವಿನ ಸುತ್ತ ಒಂದು ಸುತ್ತು ನಡೆದು ಬೆಳೆ ನೋಡಲಿ. ನಡೆದವರಿಗೆ ಕಾಣುವ ಕೀಟ ಗಾಡಿಯ ಮೇಲೆ ಕುಳಿತವರಿಗೆ ಕಾಣದು. ಮನೆಯಲ್ಲಿ ಪ್ರತಿಯೊಬ್ಬರೂ ತಮ್ಮ ನೀರು, ತಮ್ಮ ತಟ್ಟೆ, ತಮ್ಮ ಹಾಸಿಗೆಯನ್ನು ತಾವೇ ನೋಡಿಕೊಳ್ಳಲಿ. ಹೆಣ್ಣುಮಕ್ಕಳಿಗೆ ದಿನಕ್ಕೆ ಅರ್ಧ ತಾಸಾದರೂ ಹೊರಗೆ ನಡೆಯುವ ಬಿಡುವನ್ನು ಗಂಡಸರು ಮಾಡಿಕೊಡಲಿ. ಮಕ್ಕಳಿಗೆ ದಿನಕ್ಕೆ ಒಂದು ತಾಸು ಆಟ ಬೇಕು. ಪರೀಕ್ಷೆಯ ಹೆಸರಿನಲ್ಲಿ ಅದನ್ನು ಕಸಿಯುವುದು ಬೇಡ. ಹಿರಿಯರು ಗೋಡೆಯನ್ನೋ ಕುರ್ಚಿಯ ಬೆನ್ನನ್ನೋ ಹಿಡಿದು ನಿಂತು, ಕುಳಿತು, ಮತ್ತೆ ನಿಲ್ಲುವ ಅಭ್ಯಾಸ ಮಾಡಲಿ. ತೊಡೆ ಬಲವಾಗಿದ್ದರೆ ಬೀಳುವ ಭಯ ಕಡಿಮೆ. ಎದೆನೋವು, ಉಬ್ಬಸ, ಪಾದದಲ್ಲಿ ಗಾಯ ಇರುವವರು ವೈದ್ಯರ ಸಲಹೆ ಪಡೆದೇ ಮುಂದುವರಿಯಲಿ. ಮೂವತ್ತು ದಾಟಿದ ಎಲ್ಲರೂ ಸಮೀಪದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ರಕ್ತದೊತ್ತಡ ಮತ್ತು ಸಕ್ಕರೆಯನ್ನು ಪರೀಕ್ಷಿಸಿಕೊಳ್ಳುವುದು ಒಳಿತು.

ಕೊನೆಯದಾಗಿ, ಮಠಗಳ ಭಕ್ತರಾದ ನಮ್ಮ ಸಭೆಗಳ ಕುರಿತು ಒಂದು ಮಾತನ್ನು ವಿನಯದಿಂದ ಅರಿಕೆ ಮಾಡುತ್ತೇನೆ. ಶ್ರಾವಣದ ಪ್ರವಚನಗಳಲ್ಲಿ ನಾವು ಎರಡು ಮೂರು ತಾಸು ಅಲುಗದೆ ಕೂಡುತ್ತೇವೆ. ಕಾಯಕದ ಮಹಿಮೆಯನ್ನು ಕುಳಿತು ಕೇಳಿ, ವಾಹನದಲ್ಲಿ ಕುಳಿತು ಮನೆಗೆ ಮರಳುತ್ತೇವೆ. ಪ್ರವಚನದ ನಡುವೆ ಅರ್ಧ ತಾಸಿಗೊಮ್ಮೆ ಎಲ್ಲರೂ ಎದ್ದು ನಿಂತು ಒಂದು ವಚನವನ್ನು ಸಾಮೂಹಿಕವಾಗಿ ಹಾಡುವ ಪದ್ಧತಿಯನ್ನು ಏಕೆ ತರಬಾರದು? ದಾಸೋಹದಲ್ಲಿ ಶಕ್ತರಾದವರು ತಮ್ಮ ತಟ್ಟೆಯನ್ನು ತಾವೇ ತೊಳೆದಿಡುವ, ಸರದಿಯ ಮೇಲೆ ಬಡಿಸುವ, ಕಸ ಗುಡಿಸುವ ಕಾಯಕವನ್ನು ಏಕೆ ವಹಿಸಿಕೊಳ್ಳಬಾರದು? ಊರಿನ ಗಣ್ಯರೇ ಮೊದಲು ಪೊರಕೆ ಹಿಡಿದರೆ ಉಳಿದವರಿಗೆ ಹೇಳಬೇಕಾದ ಅಗತ್ಯವೇ ಬೀಳದು. ಇದರಿಂದ ಸಭೆಯ ಗಾಂಭೀರ್ಯ ಕೆಡುತ್ತದೆ ಎನ್ನುವವರಿಗೆ ನನ್ನ ಉತ್ತರ ಒಂದೇ. ಪ್ರಭುದೇವರ ಸಭೆಯಿಂದ ಮಾರಯ್ಯನವರನ್ನು ಲಕ್ಕಮ್ಮನವರು ಎಬ್ಬಿಸಿದಾಗ ಆ ಸಭೆಯ ಗಾಂಭೀರ್ಯ ಕೆಡಲಿಲ್ಲ. ಅದು ಹೆಚ್ಚಿತೆಂದೇ ಎಂಟು ನೂರು ವರ್ಷಗಳ ನಂತರವೂ ನಾವು ಅದನ್ನು ಸ್ಮರಿಸುತ್ತೇವೆ.

ನನ್ನ ಆರೋಗ್ಯದಲ್ಲಿ ಪವಾಡ ನಡೆಯಿತೆಂದು ನಾನು ಹೇಳಲಾರೆ. ಮಾತ್ರೆಗಳನ್ನು ಬಿಟ್ಟಿಲ್ಲ, ಬಿಡುವ ವಿಚಾರವೂ ಇಲ್ಲ. ಆದರೆ ಈಗ ನನ್ನ ನೀರನ್ನು ನಾನೇ ತೆಗೆದುಕೊಳ್ಳುತ್ತೇನೆ. ಬೆಳಗಿನ ಚಹಾ ನಾನೇ ಮಾಡುತ್ತೇನೆ. ಆ ಹೊತ್ತಿನಲ್ಲಿ ಮನೆಯವರು ಓಣಿಯ ಹೆಣ್ಣುಮಕ್ಕಳೊಡನೆ ನಡೆದು ಬರುತ್ತಾರೆ. ಆರಂಭದಲ್ಲಿ ಚಹಾಕ್ಕೆ ಸಕ್ಕರೆ ಹೆಚ್ಚಾಯಿತೆಂದು ಗದರಿಸಿಕೊಂಡದ್ದೂ ಉಂಟು. ಸಂಜೆ ಕಾಲು ಬಾತುಕೊಳ್ಳುವುದು ಕಡಿಮೆಯಾಗಿದೆ. ಮಾನ್ವಿಯ ಭಾವನವರಿಗೂ ಇದನ್ನೇ ಹೇಳಿ ಬಂದಿದ್ದೇನೆ. ಗಾದಿ ಬಿಟ್ಟು ಏಳಲು ಅವರಿನ್ನೂ ಒಪ್ಪಿಲ್ಲ. ಚಹಾದ ಹುಡುಗನನ್ನು ಕಳುಹಿಸದೆ ತಾವೇ ಹೋಟೆಲಿನವರೆಗೆ ನಡೆದು ಹೋಗುವುದಕ್ಕೆ ಮಾತ್ರ ಒಪ್ಪಿದ್ದಾರೆ. ಅಷ್ಟಾದರೂ ಆಗಲಿ.

ಜಂಗಮವೆಂಬ ಪದಕ್ಕೆ ನಮ್ಮ ಪರಂಪರೆಯಲ್ಲಿ ಆಳವಾದ ಅರ್ಥವಿದೆ. ಅದನ್ನು ಕಾಲಿನ ನಡಿಗೆಗೆ ಇಳಿಸುವ ಸಾಹಸ ನನ್ನದಲ್ಲ. ಆದರೂ ದೇಹವನ್ನೇ ದೇಗುಲವೆಂದು ಕಂಡ ಶರಣರ ಮಕ್ಕಳಾದ ನಾವು, ಆ ದೇಗುಲದ ಕಂಬಗಳಾದ ಕಾಲುಗಳನ್ನು ಗೆದ್ದಲು ಹಿಡಿಯಲು ಬಿಡುವುದು ಸಲ್ಲದು. ಈ ಲೇಖನವನ್ನು ಓದಲು ತಾವು ಬಹುಶಃ ಹತ್ತು ಹದಿನೈದು ನಿಮಿಷ ಕುಳಿತಿದ್ದೀರಿ. ಇನ್ನು ದಯಮಾಡಿ ಏಳಿರಿ. ಒಳಗೆ ಹೋಗಿ ಒಂದು ಲೋಟ ನೀರನ್ನು ತಾವೇ ತುಂಬಿಕೊಳ್ಳಿರಿ. ಮನೆಯಲ್ಲಿ ದಣಿದವರಿದ್ದರೆ ಅವರಿಗೂ ಒಂದು ಲೋಟ ತಂದುಕೊಡಿರಿ.